ಅರ್ಧ ಸಾಲಿನ ಉಸಿರು

ನನ್ನ ಕೆಲಸ ಕೇಳುವುದು. ಸರ್ಕಾರದ ಆರೋಗ್ಯ ವಿಮೆಯ ಕಾರ್ಡಿನ ಮೇಲೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋದವರಿಗೆ ಫೋನ್ ಮಾಡಿ ಆರು ಪ್ರಶ್ನೆ ಕೇಳುತ್ತೇನೆ. ಹೆಸರು, ಯಜಮಾನರ ಹೆಸರು, ಯಾವ ಚಿಕಿತ್ಸೆ, ಯಾರಾದರೂ ದುಡ್ಡು ಕೇಳಿದರೇ, ಮಾತ್ರೆ ಕೊಟ್ಟರೇ. ಕಡೆಯದು, 'ಈ ಚಿಕಿತ್ಸೆ ನಿಮ್ಮ ಹಕ್ಕು ಎಂಬುದು ನಿಮಗೆ ಗೊತ್ತಿತ್ತೇ?' ಉತ್ತರ ಬಂದಂತೆ ಪರದೆಯ ಮೇಲೆ ಟಿಕ್. ಮೊದಲು ಏಳನೆಯದೂ ಒಂದಿತ್ತು, 'ಈಗ ಹೇಗಿದ್ದೀರಿ?' ಅಂತ. ಕೇಳಿದರೆ ಜನ ಹೇಳುತ್ತಾ ಕೂರುತ್ತಾರೆ ಎಂದು ನಮ್ಮ ಮೇಲ್ವಿಚಾರಕರೇ ಅದನ್ನು ತೆಗೆಸಿಹಾಕಿದರು. "ಟಿಕ್ ಹಾಕಿ, ಮುಂದೆ ಹೋಗಿ" ಎನ್ನುವುದು ಅವರ ಜಪ. ಹಾಗಾಗಿ ಅವರು ಟಿಕ್ ಸಾಹೇಬರು.

ಆವತ್ತು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪರದೆಯ ಮೇಲೆ ಬಂದದ್ದು ನಮ್ಮಮ್ಮನ ಹೆಸರು.

ಹೆಸರು ಒಂದೇ ಇರುವವರು ಬೇಕಾದಷ್ಟು ಜನ ಇರುತ್ತಾರೆ. ಕೆಳಗೆ ತೀರಿಕೊಂಡ ನಮ್ಮಪ್ಪನ ಹೆಸರಿತ್ತು. ಅದರ ಕೆಳಗೆ ನಮ್ಮನೆ ಬಾಗಿಲ ನಂಬರು. ಚಿಕಿತ್ಸೆ: ಹೃದಯದ ಕವಾಟ ಬದಲಾವಣೆ, ಒಂದು ತಿಂಗಳ ಹಿಂದೆ. ರಕ್ತದ ಗುಂಪು: ಎಬಿ.

ಮೂರು ಗಂಟೆ ಮುಂಚೆ ಅಮ್ಮ ನನ್ನ ಕೈಗೆ ಊಟದ ಡಬ್ಬಿ ಕೊಟ್ಟು, "ನಿಧಾನಕ್ಕೆ ತಿನ್ನು, ನುಂಗಬೇಡ" ಅಂದಿದ್ದಳು. ಆಮೇಲೆ ತುಂಬಿದ ಬಿಂದಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದ್ದಳು. ನಂಟರ ಕರೆ ಬಂದರೆ ಕೈ ಎತ್ತಿ ಪಕ್ಕದ ಸೀಟಿಗೆ ದಾಟಿಸಬೇಕು, ಅದು ನಿಯಮ. ಕೈ ಏಳಲಿಲ್ಲ. ಬೆರಳು ತಾನೇ ಗುಂಡಿ ಒತ್ತಿತು. ಫೋನ್ ನಂಬರಿನ ಕೊನೆಯ ಎರಡಂಕಿ ಬಿಟ್ಟು ನಮಗೇನೂ ಕಾಣುವುದಿಲ್ಲ.

"ನಮಸ್ಕಾರ, ಆರೋಗ್ಯ ವಿಮೆ ಕಚೇರಿಯಿಂದ. ಈ ಕರೆ ರೆಕಾರ್ಡ್ ಆಗುತ್ತೆ. ನಿಮ್ಮ ಹೆಸರು ಹೇಳಿ."

ಒಂದು ಹೆಣ್ಣು ದನಿ ನಮ್ಮಮ್ಮನ ಹೆಸರನ್ನು ಪಾಠ ಒಪ್ಪಿಸಿದಂತೆ ಒಪ್ಪಿಸಿತು. ದನಿ ಎಲ್ಲೋ ಕೇಳಿದ್ದು ಅನ್ನಿಸಿತು. ಅದರ ಉಸಿರು ಮಾತ್ರ ನಾನು ಕೇಳಿದ್ದಲ್ಲ.

"ಯಜಮಾನರ ಹೆಸರು?"

ಸದ್ದಿಲ್ಲ.

"ಹಲೋ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ ತಾಯಿ. ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು."

"ಕೇಳಲೇಬೇಕಮ್ಮ. ಎರಡನೇ ಪ್ರಶ್ನೆ ಅದು."

"ಅವರು ಇರೋವರೆಗೂ ಬಾಯ್ತುಂಬ ಅಣ್ಣ ಅಂತ ಕರೆದೋಳು ನಾನು. ಈಗ ಅವರ ಹೆಸರು ಹೇಳಿ ನನ್ನ ಗಂಡ ಅನ್ನಲಾ? ನಾಲಿಗೆ ಸೇದಿಹೋಗುತ್ತೆ."

ಚಿಕ್ಕಮ್ಮ!

ರಕ್ತಸಂಬಂಧವಲ್ಲ. ನಮ್ಮ ಹಿತ್ತಲ ಗೋಡೆಗೆ ಅಂಟಿದ ಒಂದು ಕೋಣೆಯಲ್ಲಿ ಒಬ್ಬಳೇ ಇರುವವಳು. ನಾನು ತೊಟ್ಟಿಲಲ್ಲಿದ್ದಾಗಿನಿಂದ ಅವಳೂ ಅಮ್ಮನೂ ದಿನಾ ಸಂಜೆ ದೀಪದ ಮುಂದೆ ಕೂತು ಪದ್ಯ ಓದುತ್ತಿದ್ದರು. ಓದುವುದೇನು, ಪುಸ್ತಕ ಬಿಡಿಸುತ್ತಿರಲಿಲ್ಲ. ಚಿಕ್ಕಮ್ಮ ಎತ್ತಿಕೊಳ್ಳುವಳು. ಅರ್ಧ ಸಾಲಿಗೆ ಬರುವಷ್ಟರಲ್ಲಿ ಅವಳ ಉಸಿರು ಮುಗಿಯುವುದು. ಬಿಟ್ಟ ಅಕ್ಷರದಿಂದಲೇ ಅಮ್ಮ ಹಿಡಿಯುವಳು. ಎಷ್ಟು ವರ್ಷ ನಾನು ಪದ್ಯಗಳೇ ಹಾಗೆ, ನಡುವೆ ದನಿ ಬದಲಾಗಬೇಕು ಅಂದುಕೊಂಡಿದ್ದೆನೋ. ಹೃದಯದ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಎಂದು ಡಾಕ್ಟರು ಹೇಳಿದ್ದು ತೀರ ಈಚೆಗೆ. ಆಪರೇಷನ್ ಆಗದಿದ್ದರೆ ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು. ತಿಂಗಳಿಂದ ಸಂಜೆಯ ಓದೂ ನಿಂತಿತ್ತು; ಅವಳಿಗೆ ಸುಸ್ತು, ಮಲಗಿರಲಿ, ಮಾತಾಡಿಸಬೇಡ ಎಂದಿದ್ದಳು ಅಮ್ಮ.

ಈಗ ಫೋನಿನಲ್ಲಿ ಅವಳು ಇಡೀ ಮಾತನ್ನು ಒಂದೇ ಉಸಿರಿನಲ್ಲಿ ಆಡಿದ್ದಳು.

"ಪುಟ್ಟಿ? ನೀನಾ ಪುಟ್ಟಿ?"

ಕರೆ ರೆಕಾರ್ಡ್ ಆಗುತ್ತಿತ್ತು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮಂಕು ಹಿಡಿದವಳ ಹಾಗೆ ಮೂರು, ನಾಲ್ಕು, ಐದನ್ನು ಓದಿದೆ. ಅವಳೂ ಉತ್ತರ ಕೊಡುತ್ತಾ ಹೋದಳು. ಆರನೆಯದನ್ನೂ ಯಾಕೆ ಕೇಳಿದೆನೋ, ಕೇಳಿದೆ.

"ಹಕ್ಕಾ? ಗೊತ್ತಿರಲಿಲ್ಲ ಕಣಮ್ಮ. ಗೊತ್ತಿದ್ದಿದ್ರೆ ಕದೀತಿದ್ನಾ? ತನ್ನದನ್ನ ತಾನೇ ಯಾರಾದ್ರೂ ಕದೀತಾರಾ?"

ಆ ಕರೆಗೆ ಕೊನೆಯ ಟಿಕ್ ಹಾಕದೆ ಎದ್ದು ಅರ್ಧ ದಿನ ರಜೆ ಬರೆದುಕೊಟ್ಟೆ. "ಬಾಕಿ ಇರೋ ಕರೆ ಐದು ಗಂಟೆಯೊಳಗೆ ಬಂದು ಮುಗಿಸಿ" ಅಂದರು ಟಿಕ್ ಸಾಹೇಬರು, ತಲೆ ಎತ್ತದೆ.

ಮನೆಗೆ ಬಂದರೆ ಚಿಕ್ಕಮ್ಮ ಆಗಲೇ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕೂತಿದ್ದಳು. ಅಮ್ಮ ಅವಳ ಮೇಲೆ ಹರಿಹಾಯುತ್ತಿದ್ದಳು.

"ಮೂರು ದಿನ ಕೂತು ಹೇಳಿಕೊಟ್ಟಿದ್ದೆ! ಸಾವಿರ ಪದ್ಯ ಬಾಯಿಗೆ ಬರುತ್ತೆ, ಒಂದು ಹೆಸರು ಬರಲಿಲ್ವಾ ನಿಂಗೆ?"

"ಬಂತು ಕಣಕ್ಕ. ಬಾಯಿಂದ ಆಚೆ ಬರಲಿಲ್ಲ."

"ಅಮ್ಮ," ಅಂದೆ. ಇಬ್ಬರೂ ನನ್ನ ಕಡೆ ತಿರುಗಿದರು. "ದೊಡ್ಡಮ್ಮನ ಮನೆಗೆ ಅಂತ ಇವಳನ್ನೂ ಕರ್ಕೊಂಡು ಹನ್ನೆರಡು ದಿನ ಹೋಗಿದ್ಯಲ್ಲ, ಎಲ್ಲಿದ್ದೆ?"

"ಆಸ್ಪತ್ರೇಲಿ. ಇವಳ ಮಂಚದ ಪಕ್ಕ ನೆಲದ ಮೇಲೆ."

"ಮಷೀನಿಗೆ ಒತ್ತಿದ ಹೆಬ್ಬೆಟ್ಟು ಯಾರದು?"

"ಹೆಬ್ಬೆಟ್ಟು ನಂದು. ಎದೆ ಇವಳದು."

"ಯಾರೂ ಮುಖ ನೋಡಲಿಲ್ವಾ?"

"ಮೇಜಿನ ಹಿಂದಿದ್ದೋನು ಕಾರ್ಡ್ ನೋಡ್ದ, ಬೆರಳು ನೋಡ್ದ. ಮುಖ ನೋಡೋದು ಬೇರೆ ಯಾರದೋ ಕೆಲಸ ಇರಬೇಕು."

ಹೊಸ್ತಿಲ ಮೇಲೆ ಕೂತೆ. ಸುಳ್ಳು ಹೇಳಿದ ಬಾಯಿ ತೊಳೆಯದೆ ದೀಪ ಹಚ್ಚಬಾರದು ಎಂದು ನನಗೆ ಕಲಿಸಿದವಳು ಈಕೆ.

"ನನಗ್ಯಾಕೆ ಹೇಳಲಿಲ್ಲ?"

ಅಮ್ಮ ನನ್ನನ್ನೇ ನೋಡಿದಳು. "ಹೇಳಲಿಲ್ಲ ಅಂತೀಯಾ? ಈಗ ನೀನು ಕೂತಿದ್ದೀಯಲ್ಲ, ಅದೇ ಹೊಸ್ತಿಲ ಹತ್ತಿರ ನಿಂತು ಇವಳು ನಿನ್ನನ್ನ ಕೇಳಿದ್ಲು. ನನಗೂ ಒಂದು ಕಾರ್ಡ್ ಆಗುತ್ತಾ ಪುಟ್ಟಿ ಅಂತ. ನೀನೇನಂದೆ?"

ನೆನಪಾಯಿತು. ಚಪ್ಪಲಿ ಹಾಕಿಕೊಳ್ಳುತ್ತಾ ಅಂದಿದ್ದೆ: "ಸರ್ಕಾರದ ಮನೆ ಪಟ್ಟೀಲಿ ಹೆಸರಿರಬೇಕು ಚಿಕ್ಕಮ್ಮ, ಇಲ್ದಿದ್ರೆ ಆಗಲ್ಲ." ಅವಳ ಗಂಡ ಬೇರೆ ಸಂಸಾರ ಕಟ್ಟಿಕೊಂಡು ಆ ಪಟ್ಟಿಯಲ್ಲಿ ಆ ಹೆಂಡತಿಯನ್ನು ಬರೆಸಿದ್ದ. ತವರಿನಲ್ಲಿ ಅಣ್ಣನ ಹೆಂಡತಿ, ಮದುವೆಯಾಗಿ ಹೋದವಳು ನಮ್ಮ ಲೆಕ್ಕಕ್ಕಿಲ್ಲ ಎಂದು ಹೆಸರು ತೆಗೆಸಿದ್ದಳು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೋಗಿದ್ದೆ.

"ಅಮ್ಮ, ನಿನ್ನ ರಕ್ತ ಯಾವ ಗುಂಪು?"

"ಓ ಗುಂಪು. ನಿನ್ನ ಹೆರಿಗೇಲಿ ಹೇಳಿದ್ರು. ಯಾಕೆ?"

"ಕಾರ್ಡಿನಲ್ಲಿ ನಿಂದು ಎಬಿ. ಎದೇಲಿ ಕೃತಕ ಕವಾಟ. ನಾಳೆ ನೀನು ರಸ್ತೇಲಿ ಬಿದ್ದು ಪ್ರಜ್ಞೆ ತಪ್ಪಿದ್ರೆ ನಿನ್ನ ಬೆರಳು ಒತ್ತಿಸ್ತಾರೆ, ಇವಳ ಮೈಗೆ ಚಿಕಿತ್ಸೆ ಕೊಡ್ತಾರೆ. ಅಮ್ಮ, ಅಲ್ಲಿರೋಳು ನೀನಲ್ಲ!"

ರಕ್ತ ಕೊಡುವ ಮುಂಚೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ, ಅದು ನನಗೂ ಗೊತ್ತು. ಆದರೆ ಮುಖವನ್ನೂ ನೋಡಬೇಕಿತ್ತಲ್ಲ.

ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ಇದು ಅವರಿಬ್ಬರಿಗೂ ಹೊಳೆದಿರಲಿಲ್ಲ. "ಅಕ್ಕ, ಇದನ್ನ ನೀನು ಹೇಳಲೇ ಇಲ್ಲ."

"ನನಗೆ ಗೊತ್ತಿದ್ರೆ ತಾನೇ?" ಅಂದಳು ಅಮ್ಮ. ಆಮೇಲೆ ಮೆಲ್ಲಗೆ, "ಗೊತ್ತಿದ್ರೂ ಅಷ್ಟೇ."

ನಾನು ಎರಡು ದಾರಿಯನ್ನೂ ಬಿಡಿಸಿ ಹೇಳಿದೆ. ಎಲ್ಲ ಸರಿಯಿದೆ ಎಂದು ಟಿಕ್ ಹಾಕಿದರೆ ದಾಖಲೆಯಲ್ಲಿ ಆ ಹೃದಯ, ಆ ರಕ್ತ ಅಮ್ಮ ಇರುವಷ್ಟು ದಿನವೂ ಅವಳಿಗೆ ಅಂಟಿಕೊಳ್ಳುತ್ತದೆ. ಇಲ್ಲ ಎಂದರೆ ಇಬ್ಬರ ಮೇಲೂ ಕೇಸು, ಚಿಕ್ಕಮ್ಮನ ಮಾತ್ರೆ ನಿಲ್ಲುತ್ತದೆ. ಆ ಮಾತ್ರೆ ಕೆಲವು ದಿನ ತಪ್ಪಿದರೂ ಹೊಸ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು.

"ನಿಜ ಬರಿ," ಅಂದಳು ಚಿಕ್ಕಮ್ಮ. ಅಮ್ಮ ಬಾಯಿ ತೆರೆದಳು; ಚಿಕ್ಕಮ್ಮ ಕೈ ಅಡ್ಡ ಹಿಡಿದಳು. "ಇಷ್ಟು ವರ್ಷ ನನ್ನ ಅರ್ಧ ಸಾಲೆಲ್ಲ ನೀನೇ ಮುಗಿಸಿದೆ. ಇದೊಂದು ನಾನು ಮುಗಿಸ್ತೀನಿ. ಪುಟ್ಟಿ, ನನ್ನ ಹೆಸರು ದಪ್ಪಕ್ಷರದಲ್ಲಿ ಬರಿ. ಯಾವ ಪಟ್ಟೀಲೂ ಇಲ್ಲದ ಹೆಸರು, ಕಳ್ಳರ ಪಟ್ಟೀಲಾದ್ರೂ ಇರಲಿ."

ಹೇಳಿ ನಕ್ಕಳು. ಅಮ್ಮ ನಗಲಿಲ್ಲ.

ನಾಲ್ಕೂವರೆಗೆ ಮತ್ತೆ ನನ್ನ ಸೀಟಿನಲ್ಲಿ ಕೂತೆ. 'ಚಿಕಿತ್ಸೆ ಪಡೆದವರು ಬೇರೆ ವ್ಯಕ್ತಿ' ಎಂಬುದನ್ನು ಒತ್ತಿದೆ. ಹೊಸ ಖಾನೆ ತೆರೆಯಿತು, ಆ ವ್ಯಕ್ತಿಯ ಹೆಸರು. ದೇವರನ್ನು ನೆನೆದು ಒಂದೊಂದೇ ಅಕ್ಷರ ಕೂಡಿಸಿದೆ. ಅವಳ ಹೆಸರನ್ನು ಬರವಣಿಗೆಯಲ್ಲಿ ನೋಡಿದ್ದು ನಾನು ಅದೇ ಮೊದಲು. ಮುಂದಿನ ಖಾನೆ, ಆ ವ್ಯಕ್ತಿಯ ಕಾರ್ಡ್ ಸಂಖ್ಯೆ.

ಖಾಲಿ ಬಿಟ್ಟು ಒತ್ತಿದೆ. ಕೆಂಪಕ್ಷರ ಬಂತು: 'ಕಾರ್ಡ್ ಸಂಖ್ಯೆ ಇಲ್ಲದ ವ್ಯಕ್ತಿಯನ್ನು ನಮೂದಿಸಲಾಗದು.'

ಹೆಸರು ಅಳಿಸಿಹೋಯಿತು.

ಮತ್ತೆ ಬರೆದೆ. ಅಳಿಸಿಹೋಯಿತು. ಮೂರನೆಯ ಸಲವೂ. ಕಾಪಾಡುವುದಕ್ಕೆ ಅವಳು ಪಟ್ಟಿಯಲ್ಲಿರಲಿಲ್ಲ, ಸರಿ. ಶಿಕ್ಷಿಸುವುದಕ್ಕೂ ಇಲ್ಲವೇ? ಹಾಗಾದರೆ ಹಿತ್ತಲ ಗೋಡೆಯ ಆಚೆ ಕೆಮ್ಮುತ್ತಿದ್ದವಳು ಯಾರು?

ಒಂದು ಬಿಳಿ ಹಾಳೆ ತೆಗೆದುಕೊಂಡು ಕೈಯಲ್ಲೇ ಬರೆದೆ. ಇಬ್ಬರ ಹೆಸರು, ಇಬ್ಬರ ರಕ್ತದ ಗುಂಪು, ಹೆಬ್ಬೆಟ್ಟು ಯಾರದು, ಎದೆ ಯಾರದು. ಹೊಸ್ತಿಲಲ್ಲಿ ನಾನು ಏನಂದೆ ಅನ್ನುವುದನ್ನೂ ಬಿಡಲಿಲ್ಲ. ಕೆಳಗೆ ರುಜು ಹಾಕಿ ಟಿಕ್ ಸಾಹೇಬರ ಮೇಜಿನ ಮೇಲಿಟ್ಟೆ.

"ಏನಮ್ಮ ಇದು? ಕಾಗದ ಇಡೋದಕ್ಕೆ ಇಲ್ಲಿ ಜಾಗ ಎಲ್ಲಿದೆ?" ಅನ್ನುತ್ತಲೇ ಓದತೊಡಗಿದರು. ಅರ್ಧಕ್ಕೆ ಬಂದಾಗ ಅವರ ತುಟಿ ಅಲ್ಲಾಡುವುದು ನಿಂತಿತು. ಕೊನೆ ಮುಟ್ಟಿ, ಮತ್ತೆ ಮೊದಲಿಂದ ಓದಿದರು. ದಿನದ ಕರೆಗಳ ಪಟ್ಟಿ ಅಂಟಿಸಿದ್ದ ಗೋಡೆಯ ಕಡೆಗೊಮ್ಮೆ ನೋಡಿದರು. ಗಡಿಯಾರದಲ್ಲಿ ಐದು ದಾಟಿತ್ತು. ನಾನು ಬೈಗುಳಕ್ಕೋ ಪೊಲೀಸರ ಮಾತಿಗೋ ಕಾದು ನಿಂತೆ.

ಕನ್ನಡಕ ತೆಗೆದು, ಆ ಇಡೀ ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು. ಅವರೇ ತೆಗೆಸಿಹಾಕಿದ್ದ ಪ್ರಶ್ನೆ ಅವರ ಬಾಯಿಂದ ಬಂತು.

"ಈಗ ಹೇಗಿದ್ದಾರೆ?"

"ಸಾಲು ಪೂರ್ತಿ ಹೇಳ್ತಾರೆ ಸರ್," ಅಂದೆ. ಅಷ್ಟು ಹೇಳುವುದರೊಳಗೆ ನನ್ನ ಉಸಿರು ಮುಗಿದಿತ್ತು.