ನಡಾವಳಿ ಪುಸ್ತಕದ ಎಡತೋಳು

ಮಹಿಳಾ ಸೇವಾ ಕೂಟದ ಮೊದಲ ನಡಾವಳಿ ಪುಸ್ತಕವನ್ನು ಗೆದ್ದಲು ತಿಂದಿತೆಂದು ಊರೆಲ್ಲ ನಂಬಿತ್ತು. ಅಧ್ಯಕ್ಷೆ ದೊಡ್ಡ ಮೇಡಂ ಪ್ರತಿ ವಾರ್ಷಿಕೋತ್ಸವದಲ್ಲೂ ಆ ಗೆದ್ದಲಿಗೆ ಮೈಕಿನಲ್ಲಿ ಮಂಗಳಾರತಿ ಮಾಡುತ್ತಿದ್ದರು. ಮೂರನೇ ಸಾಲಿನಲ್ಲಿ ಕೂತ ಟೇಲರಕ್ಕ ಮಾತ್ರ ತಲೆ ತಗ್ಗಿಸಿ ಕೈಚೀಲದ ದಾರ ಕೀಳುತ್ತಿದ್ದಳು. ಏಕೆಂದರೆ ಆ ಗೆದ್ದಲು ಅವಳೇ.

ನಲವತ್ತೆಂಟು ವರ್ಷದ ಹಿಂದಿನ ಮಾತು. ಮಕ್ಕಳ ಆಸ್ಪತ್ರೆಗೆ ನಲವತ್ತು ಅಂಗಿ ಹೊಲಿದುಕೊಡುವುದೆಂದು ಕೂಟದಲ್ಲಿ ತೀರ್ಮಾನವಾಯಿತು. ಚಪ್ಪಾಳೆ ತಟ್ಟಿದವರು ಹದಿನೆಂಟು ಜನ, ಹೊಲಿಯುವವಳು ಟೇಲರಕ್ಕ ಒಬ್ಬಳು. ಅಳತೆಯ ಮಾದರಿ ಕತ್ತರಿಸಿಟ್ಟುಕೊಳ್ಳಲು ದಪ್ಪ ಕಾಗದ ಬೇಕಿತ್ತು. ಆಗಿನ ಕಾರ್ಯದರ್ಶಿ ಅವಳ ಅಂಗಡಿಯಲ್ಲಿ ಒಂದು ಪುಸ್ತಕ ಮರೆತು ಹೋಗಿದ್ದಳು, ರಟ್ಟಿನಂಥ ಹಾಳೆಗಳು. ಟೇಲರಕ್ಕನಿಗೆ ಆಗ ಓದು ಬಾರದು. ಬರೆದು ಮುಗಿಸಿದ ಕಾಗದವೆಂದರೆ ಕೆಲಸ ಮುಗಿದ ಕಾಗದ ಎಂದುಕೊಂಡು ಕತ್ತರಿ ಆಡಿಸಿದಳು. ತೋಳು, ಬೆನ್ನು, ಕಾಲರು.

ಆಮೇಲೆ ಕೂಟವೇ ಸಂಜೆ ತರಗತಿ ತೆರೆದು ಅವಳಿಗೆ ಅಕ್ಷರ ಕಲಿಸಿತು. ಅಂಗಡಿಗೆ ಬಂದು ಸ್ವಂತ ಬಲದಿಂದ ಕೂಡಿಸಿ ಓದಿದ ಮೊದಲ ಮಾತು ಒಂದು ಎಡತೋಳಿನ ಮೇಲಿತ್ತು: 'ಸಭೆಯ ನಡಾವಳಿ'. ಓದು ಕಲಿತರೆ ಕಣ್ಣು ತೆರೆಯುತ್ತದಂತೆ. ಅವಳಿಗೆ ಬೆವರು ಕಿತ್ತುಕೊಂಡು ಬಂತು. ತುಂಡುಗಳನ್ನೆಲ್ಲ ಟ್ರಂಕಿಗೆ ತುಂಬಿ ಬೀಗ ಜಡಿದಳು. ಬಾಯಿಗೂ ಜಡಿದಳು.

ಈಗ ನಗರಸಭೆಯಿಂದ ನೋಟೀಸು ಬಂದಿತ್ತು. ಗುರುವಾರ ಅಧಿಕಾರಿ ಬರುತ್ತಾರೆ, ಕೂಟ ನಿಜಕ್ಕೂ ಹಳೆಯದೆಂಬುದಕ್ಕೆ ಮೊದಲ ಸಭೆಯ ಮೂಲ ನಡಾವಳಿ ತೋರಿಸಬೇಕು, ಇಲ್ಲವಾದರೆ ಸೈಕಲ್ ಅಂಗಡಿಯ ಮೇಲಿನ ಕೂಟದ ಕೋಣೆ ಸಿಮೆಂಟ್ ವ್ಯಾಪಾರಿಯ ಗೋದಾಮಾಗುತ್ತದೆ. ಐವತ್ತು ವರ್ಷದಿಂದ ಊರಿನ ರೋಗಿಗಳಿಗೆ ಗಾಲಿಕುರ್ಚಿ, ಕಬ್ಬಿಣದ ಮಂಚ ಎರವಲು ಕೊಟ್ಟ ಕೋಣೆ ಅದು. ನಗರಸಭೆಯ ಗುಮಾಸ್ತರೇ ತಂತಮ್ಮ ಅಪ್ಪಂದಿರನ್ನು ಅದೇ ಕುರ್ಚಿಯಲ್ಲಿ ಕೂರಿಸಿ ತಳ್ಳಿದ್ದರು. ಆದರೆ ಕಚೇರಿಗೆ ಕಣ್ಣಾರೆ ಕಂಡದ್ದು ಸಾಲದು, ಕಾಗದ ಬೇಕು. ಹೆಂಗಸೊಬ್ಬಳು ಗಂಟೆಗಟ್ಟಲೆ ಕೂತರೂ "ಅಡುಗೆ ಆಯ್ತಾ?" ಎಂದು ಯಾರೂ ಕೇಳದ ಜಾಗ ಊರಲ್ಲಿ ಅದೊಂದೇ ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ.

"ಹೇಳಿಬಿಡಿ ಅತ್ತೆ," ಎಂದಳು ಸೊಸೆ, ಗುಂಡಿ ಹೊಲಿಯುತ್ತ.

"ಹೇಳಿದ್ರೆ ನನ್ನನ್ನ ಕೂಟದಿಂದ ಆಚೆ ಹಾಕ್ತಾರೆ ಕಣೇ."

"ಹೇಳ್ದಿದ್ರೆ ಕೂಟಾನೇ ಆಚೆ ಬೀಳುತ್ತೆ. ಆಮೇಲೆ ಸಿಮೆಂಟ್ ಮೂಟೆ ಮೇಲೆ ಕೂತ್ಕೊಂಡು ನಾನು ಸದಸ್ಯೆ ಅಂತ ಹೇಳ್ಕೊಳ್ಳಿ."

ಬುಧವಾರ ಬೆಳಿಗ್ಗೆ ಟ್ರಂಕು ಮೆಟ್ಟಿಲು ಹತ್ತಿತು. ಕಥೆ ಕೇಳಿ ದೊಡ್ಡ ಮೇಡಂ ಮುಖ ಕೆಂಡವಾಯಿತು. "ಅಲ್ಲಮ್ಮಾ, ಇತಿಹಾಸಕ್ಕೇ ಕತ್ತರಿ ಹಾಕಿ, ಇಷ್ಟು ವರ್ಷ ನನ್ನ ಕೈಲಿ ಗೆದ್ದಲಿಗೆ ಬೈಸಿದ್ಯಲ್ಲ!"

"ಬಿಡಿ ಮೇಡಂ, ಗೆದ್ದಲೇನೂ ಮಾನನಷ್ಟದ ಕೇಸು ಹಾಕಲ್ಲ," ಎಂದರು ನಿವೃತ್ತ ನರ್ಸಮ್ಮ.

"ನಾಳೆ ಈ ಕೆಲಸ ಮುಗೀಲಿ. ಇವಳ ಸದಸ್ಯತ್ವ ರದ್ದು!"

ಮಂಚಗಳ ಮೇಲೆ ತುಂಡುಗಳನ್ನು ಹರಡಿ ಜೋಡಿಸತೊಡಗಿದರು. 'ಎಲ್ಲರೂ ಒಮ್ಮತದಿಂದ' ಎಂದು ಶುರುವಾದ ವಾಕ್ಯ ಕಂಕುಳಲ್ಲಿ ಸತ್ತಿತ್ತು. ಕಿಟಕಿ ತೆರೆದಿಡಬೇಕೋ ಮುಚ್ಚಿಡಬೇಕೋ ಎಂಬ ಚರ್ಚೆ ಎರಡು ತೋಳು, ಒಂದು ಜೇಬು ತುಂಬಿ ಬೆನ್ನಿಗೂ ಹರಿದಿತ್ತು. ಸಮಾಜಸೇವೆಗೆ ಸಿಕ್ಕಿದ್ದು ಒಂದು ಕೈಪಟ್ಟಿಯಷ್ಟು ಜಾಗ. ಮೊದಲ ಸಭೆ ಕೊನೆಗೆ ಒಂದು ಕಾಲರಿನಲ್ಲಿ ಸಿಕ್ಕಿತು. ನರ್ಸಮ್ಮ ಕನ್ನಡಕ ಏರಿಸಿ ಓದಿದರು:

"'ಶಿಕ್ಷಕಿಯವರು ಎದ್ದು, ಇಂಥ ಕೂಟ ಬೇಡವೇ ಬೇಡ, ಹೆಂಗಸರು ಸೇರಿದರೆ ಹರಟೆ ಬಿಟ್ಟು ಬೇರೇನೂ ನಡೆಯದು ಎಂದು ವಿರೋಧಿಸಿದರು.'"

ಆಗ ಕೂಟದಲ್ಲಿದ್ದ ಶಿಕ್ಷಕಿ ಒಬ್ಬರೇ. "ಈ ಕೂಟಕ್ಕೆ ಬೀಜ ಬಿತ್ತಿದವಳು ನಾನು" ಎಂದು ವರ್ಷವರ್ಷವೂ ಮೈಕಿನಲ್ಲಿ ಹೇಳುತ್ತಿದ್ದ ದೊಡ್ಡ ಮೇಡಂ.

"ಬಿತ್ತಿದ್ದೇನೋ ಹೌದು ಮೇಡಂ," ಎಂದರು ನರ್ಸಮ್ಮ. "ಹುರಿದು ಬಿತ್ತಿದ್ರಿ."

ಪುಸ್ತಕ ಬಿಡಿಹಾಳೆಯಾಗಿರಬಾರದು ಎಂದು ನೋಟೀಸಿನಲ್ಲಿತ್ತು. ಟೇಲರಕ್ಕ ತುಂಡುಗಳನ್ನು ಗಟ್ಟಿ ಬಟ್ಟೆಗೆ ಹೊಲಿದು ಕಟ್ಟುತ್ತಿದ್ದಳು. ಸಂಜೆ ದೊಡ್ಡ ಮೇಡಂ ಅಂಗಡಿಗೆ ಬಂದು ಮೆಷಿನ್ನಿನ ಪಕ್ಕ ನಿಂತು ದನಿ ತಗ್ಗಿಸಿದರು. "ನೋಡಮ್ಮಾ, ಆ ಕಾಲರಿನ ಅಂಚು ಚೂರು ಒಳಕ್ಕೆ ಮಡಚಿದ್ರೆ ಆ ಎರಡು ಸಾಲು ಕಾಣಲ್ಲ. ನಿನ್ನ ಸದಸ್ಯತ್ವದ ಮಾತು ನಾನೂ ಎತ್ತಲ್ಲ."

ಪೆಡಲಿನ ಮೇಲೆ ಕಾಲು ನಿಂತಿತು. ಒಂದು ಬೆರಳಗಲದ ಮಡಿಕೆ. ಎಷ್ಟೋ ಜನರ ಹೊಟ್ಟೆಯನ್ನೇ ಮಡಿಕೆಯಲ್ಲಿ ಮುಚ್ಚಿಕೊಟ್ಟವಳಿಗೆ ಇದು ಯಾವ ಲೆಕ್ಕ? ಆದರೂ ಕೈ ಏಳಲಿಲ್ಲ.

"ಮೇಡಂ, ಆವತ್ತು ಗೊತ್ತಿಲ್ದೆ ಕತ್ತರಿಸ್ದೆ. ಈಗ ಓದೋಕೆ ಬರುತ್ತೆ. ಗೊತ್ತಿದ್ದೂ ಮಡಚಲಾರೆ."

"ಹಾಗಿದ್ರೆ ನಿನ್ನ ಹಣೆಬರಹ!" ಮೇಡಂ ದಡದಡನೆ ಹೊರಟುಹೋದರು.

ಗುರುವಾರ ಅಧಿಕಾರಿ ಆ ಬಟ್ಟೆಯ ಗಂಟನ್ನು ತಿರುವಿ ನೋಡಿದ. "ಇದೇನ್ರಮ್ಮಾ, ಪುಸ್ತಕನಾ, ಅಂಗಿನಾ?"

"ಎರಡೂ ಸಾರ್. ಬೇಕಾದ್ರೆ ತೊಟ್ಟು ನೋಡಿ," ಎಂದರು ನರ್ಸಮ್ಮ.

ಅವನು ಕಾಲರಿನ ಹತ್ತಿರ ನಿಂತ. ಎರಡು ಸಲ ಓದಿದ. ಕೋಣೆ ಹೋಯಿತು, ತಾನೂ ಹೋದೆ ಎಂದುಕೊಂಡಳು ಟೇಲರಕ್ಕ.

"ಈ ವಾರ ಹನ್ನೊಂದು ಸಂಘದ ಪುಸ್ತಕ ನೋಡ್ದೆ," ಎಂದ ಅಧಿಕಾರಿ. "ಎಲ್ಲದ್ರಲ್ಲೂ ಸರ್ವಾನುಮತ, ಎಲ್ಲದಕ್ಕೂ ಮೊನ್ನೆ ಮೊನ್ನೆಯ ಇಂಕು. ತಮಗೆ ತಾವೇ ಉಗಿದುಕೊಂಡು ಬರೆದಿರೋದು ಇದೊಂದೇ. ಸುಳ್ಳು ಬರೆಯೋರು ಹೀಗೆ ಬರೆಯಲ್ಲ." ಕಾಲರಿನ ಮೇಲೆ ಠಪ್ಪನೆ ಮುದ್ರೆ ಒತ್ತಿದ. "ಆ ಶಿಕ್ಷಕಿ ಈಗಲೂ ಇದಾರಾ?"

ಎಲ್ಲರೂ ಫ್ಯಾನು ನೋಡಿದರು. ದೊಡ್ಡ ಮೇಡಂ ನಿಧಾನವಾಗಿ ಎದ್ದರು. "ನಾನೇ. ಒಬ್ಬರಾದ್ರೂ ವಿರೋಧಿಸದಿದ್ರೆ ಸಭೆಗೆ ಕಳೆ ಎಲ್ಲಿಂದ ಬರುತ್ತೆ, ಅದಕ್ಕೇ..."

ಅವನು ಮೆಟ್ಟಿಲಿಳಿದ ಮೇಲೆ ನರ್ಸಮ್ಮ ಹೊಸ ಪುಸ್ತಕ ತೆರೆದರು. ದೊಡ್ಡ ಮೇಡಂ ಟೇಲರಕ್ಕನ ಕಡೆ ನೋಡದೆ ಗಂಟಲು ಸರಿಮಾಡಿಕೊಂಡರು. "ಈಯಮ್ಮ ಸದಸ್ಯೆಯಾಗಿ ಇರಲಿ, ಹಾಳಾಗಲಿ. ಆದರೆ ನಡಾವಳಿ ಪುಸ್ತಕ ಇನ್ನು ಈಯಮ್ಮನ ಕೈಗೆ ಸಿಗಕೂಡದು. ಅನುಮೋದನೆ ಯಾರದು?"

ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಟೇಲರಕ್ಕ.

"ಸರ್ವಾನುಮತ ಅಂತ ಬರೀಲಾ?" ನರ್ಸಮ್ಮ ಕೇಳಿದರು.

"ಬೇಡ ಬೇಡ!" ಎಂದರು ಮೇಡಂ ಗಾಬರಿಯಿಂದ. "ಯಾರಾದ್ರೂ ಒಬ್ಬರು ವಿರೋಧಿಸ್ರೇ."

ಯಾರು ವಿರೋಧಿಸಬೇಕು ಎಂಬ ಜಗಳ ಮಧ್ಯಾಹ್ನದವರೆಗೂ ನಡೆಯಿತು.