ಮೊದಲು ತಕ್ಕಡಿ

ಆರ್ಡಿಸ್ ಟಾಲೆಫ್‌ಸನ್ ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ಒಂದು ಕ್ಷಣ ಅಂಗೈಯಲ್ಲೇ ತೂಗಿ ನೋಡುತ್ತಿದ್ದರು. ಅಮೆರಿಕದ ಮೊಂಟಾನಾದ ನಮ್ಮೂರಿನ ಗೋಧಿ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಲಾರಿಗಳನ್ನು ತೂಗಿದ ಹೆಂಗಸು. ಚರ್ಚಿನಲ್ಲಿ ದೀಕ್ಷಾಸ್ನಾನಕ್ಕೆ ತಂದ ಕೂಸನ್ನು ಎತ್ತಿಕೊಂಡರೆ, ಪಾದ್ರಿ ಹೆಸರಿಡುವಷ್ಟರಲ್ಲಿ ಇವರು ತೂಕ ಹೇಳಿ ಮುಗಿಸಿರುತ್ತಿದ್ದರು. ತಪ್ಪಿದ್ದನ್ನು ನಾನು ಕಂಡಿಲ್ಲ.

ತೀರಿಹೋದ ಗಂಡ ಆರ್ವಲ್‌ನ ಕ್ಯಾನ್ವಾಸ್ ಕೋಟನ್ನು, ತೋಳು ಎರಡು ಸಲ ಮಡಚಿ, ಬೇಸಿಗೆಯಲ್ಲೂ ತೊಡುತ್ತಿದ್ದರು. ಆರ್ವಲ್ ಬಿಟ್ಟುಹೋದದ್ದು ಆ ಕೋಟು, ಒಂದು ಹಳೆಯ ಕೋವಿ, ಕಾಫಿ ಡಬ್ಬಿಯ ತುಂಬ ಖಾಲಿ ಹಿತ್ತಾಳೆ ತೋಟಾಗಳು. ಗಂಡಹೆಂಡಿರು ನಲವತ್ತು ಶರತ್ಕಾಲ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊತ್ತು ನಡೆದ ಕೋವಿ. ಅದರ ತೋಟಾ ಅಂಗಡಿಗೆ ಬರುವುದು ನಿಂತು ವರ್ಷಗಳಾಗಿದ್ದವು.

"ಅದರ ಕಾಲ ಮುಗೀತು ಅತ್ತಿಗೆ. ಗೋಡೆಗೊಂದು ಮೊಳೆ ಹೊಡೀತೀನಿ, ನೇತು ಹಾಕಿಬಿಡಿ," ಎಂದ ಮೈದುನ ವರ್ಲಿನ್.

ಆರ್ಡಿಸ್ ಮೊಳೆ ಹೊಡೆಸಲಿಲ್ಲ. ಖಾಲಿ ತೋಟಾಗಳನ್ನು ಮನೆಯಲ್ಲೇ ತುಂಬುವುದನ್ನು ಕಲಿಯಬೇಕೆಂದು ಪಕ್ಕದ ಮನೆಯ ನನ್ನನ್ನೂ ಕರೆದುಕೊಂಡು ಲೈಲ್‌ನ ಕೋವಿ ಅಂಗಡಿಗೆ ಹೋದರು. ವರ್ಲಿನ್ ಅಲ್ಲೂ ಹಾಜರಿದ್ದ. ಹಿಡಿಕೆಯನ್ನು ಒಮ್ಮೆ ಎಳೆದರೆ ತೋಟಾ ತುಂಬುವ ಐದೂ ಕೆಲಸ ಮಾಡುವ ಯಂತ್ರವೊಂದನ್ನು ತಾನೂ ಕೊಂಡು, ಇವರಿಗೂ ಕೊಡಿಸುವ ಉತ್ಸಾಹ ಅವನದು. ಆರ್ಡಿಸ್ ಅದರ ಕಡೆ ನೋಡಲೂ ಇಲ್ಲ.

"ಮೊದಲು ತಕ್ಕಡಿ ತೋರ್ಸಪ್ಪ."

"ಎಲ್ರೂ ಮೊದ್ಲು ಯಂತ್ರ ಕೇಳ್ತಾರಲ್ಲಮ್ಮ," ಎಂದು ಲೈಲ್ ನಕ್ಕ.

"ನಿಮ್ಮ ಕೈಯೇ ತಕ್ಕಡಿ, ಇನ್ನೊಂದ್ಯಾಕೆ ಅತ್ತಿಗೆ?" ವರ್ಲಿನ್ ಕೆಣಕಿದ.

"ಯಾವತ್ತೂ ತಪ್ಪದ ಕೈ ನೋಡು, ಅದಕ್ಕೇ ನಂಗೆ ಭಯ."

ಸಣ್ಣ ತಕ್ಕಡಿ, ಕೋವಿಮದ್ದಿನ ಅಳತೆಗಳ ಪುಸ್ತಕ, ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಾದಾ ಒತ್ತುಯಂತ್ರ: ಇಷ್ಟೇ ಅವರು ಆರಿಸಿದ್ದು. ಆ ಬೇಸಿಗೆಯೆಲ್ಲ ಅಡುಗೆಮನೆಯ ಮೇಜಿನ ಮೇಲೆ, ಪ್ರತಿಯೊಂದು ತೋಟಾದ ಮದ್ದನ್ನೂ ತೂಗಿ ಸುರಿದು, ಟಾರ್ಚು ಬಿಟ್ಟು ಒಳಗೆ ನೋಡಿ, ಆಮೇಲಷ್ಟೇ ಗುಂಡು ಕೂರಿಸುತ್ತಿದ್ದರು. ತುಟಿ ಅಲ್ಲಾಡುವುದನ್ನು ಕಂಡು ಪ್ರಾರ್ಥನೆಯೆಂದುಕೊಂಡು ನಾನೂ ತಲೆ ತಗ್ಗಿಸಿದ್ದೆ. "ನಿದ್ದೆ ಬಂತಾ? ನಾನು ಎಣಿಸ್ತಿದೀನಿ, ಮಾತಾಡಿಸ್ಬೇಡ," ಎಂದರು.

ಬೇಟೆಯ ಋತು ತೆರೆಯುವುದಕ್ಕೆ ಹಿಂದಿನ ಶನಿವಾರ ಊರೆಲ್ಲ ಜಲ್ಲಿಕಲ್ಲು ತೆಗೆದ ಹಳ್ಳದಲ್ಲಿ ಸೇರಿ, ಕಾಫಿ ಕುಡಿಯುತ್ತ, ಕೋವಿಗಳ ಗುರಿ ಸರಿಪಡಿಸಿಕೊಳ್ಳುವುದು ನಮ್ಮಲ್ಲಿನ ರೂಢಿ. ವರ್ಲಿನ್ ಒಂದೇ ಸಂಜೆಯಲ್ಲಿ ಇನ್ನೂರು ತೋಟಾ ತುಂಬಿ ತಂದಿದ್ದ. ಎರಡು ಈಡು ಗುಡುಗಿದವು. ಮೂರನೆಯದು ಟುಸ್ಸೆಂದಿತು. ತೋಟಾ ಕೆಟ್ಟಿದೆಯೆಂದು ಗೊಣಗುತ್ತ ಅವನು ಇನ್ನೊಂದನ್ನು ಒಳಗೆ ತಳ್ಳಿದ.

"ವರ್ಲಿನ್, ನಿಲ್ಸು!"

ಎಂದೂ ದನಿ ಏರಿಸದ ಆರ್ಡಿಸ್ ಆ ಟುಸ್ ಸದ್ದಿಗೆ ಕೂಗಿದ್ದರು. ವರ್ಲಿನ್ ಕೋವಿ ಇಳಿಸಿದ. ಕೋವಿ ಬಿಚ್ಚಿ ನೋಡಿದರೆ, ನಳಿಗೆಯ ನಡುವೆ ಗುಂಡು ಸಿಕ್ಕಿಕೊಂಡು ಕೂತಿತ್ತು. ಯಂತ್ರ ಆ ತೋಟಾಕ್ಕೆ ಮದ್ದು ಹಾಕುವುದನ್ನೇ ಮರೆತಿತ್ತು; ತಳದ ಕಿಡಿಗೆ ಗುಂಡನ್ನು ಅಲ್ಲಿಯವರೆಗಷ್ಟೇ ತಳ್ಳುವ ಬಲವಿತ್ತು. ಹಿಂದೆಯೇ ಇನ್ನೊಂದು ಈಡು ಹಾರಿದ್ದರೆ ನಳಿಗೆ ಅವನ ಮುಖದೆದುರೇ ಸಿಡಿಯುತ್ತಿತ್ತು. ವರ್ಲಿನ್ ಉಳಿದ ತೋಟಾಗಳನ್ನೆಲ್ಲ ಡಬ್ಬಿಗೆ ಸುರಿದು ಮುಚ್ಚಿದ.

ಆಮೇಲೆ ಆರ್ಡಿಸ್ ಕೋಟಿನ ತೋಳು ಮಡಚಿ, ಆರ್ವಲ್‌ನ ಕೋವಿ ಎತ್ತಿದರು. ಮೂರು ಈಡು. ಗುರಿಹಲಗೆಯ ಮೇಲಿನ ಮೂರೂ ತೂತುಗಳನ್ನು ಲೈಲ್ ತನ್ನ ಫ್ಲಾಸ್ಕಿನ ಮುಚ್ಚಳವೊಂದರಿಂದ ಮುಚ್ಚಿ ತೋರಿಸಿದಾಗ ಗಂಡಸರೆಲ್ಲ ಟೋಪಿ ತೆಗೆದು ಕೂಗಿದರು.

"ಆ ಮೊಳೆ ಹೊಡ್ದೇ ಹೊಡೀತೀನಿ ಅತ್ತಿಗೆ. ನನ್ನ ಯಂತ್ರ ನೇತು ಹಾಕೋಕೆ," ಎಂದ ವರ್ಲಿನ್.

ಇಂಥವರು ಎಲ್ಲ ಊರಿನಲ್ಲೂ ಇರುತ್ತಾರೆ. ದೇವರು ತಮಗೆ ಕೊಟ್ಟ ವರದ ಮೇಲೆ ಸವಾರಿ ಮಾಡದೆ, ಅದನ್ನೂ ದಿನಾ ತಕ್ಕಡಿಗಿಟ್ಟು ನೋಡುವವರು. ನಿಧಾನವೆಂದು ಜನ ನಕ್ಕರೂ ಸುಮ್ಮನಿರುವವರು. ಜನ್ಮಕ್ಕೊಮ್ಮೆ ಅವರು "ನಿಲ್ಲಿಸು" ಎನ್ನುತ್ತಾರೆ, ಅವಸರದ ಲೋಕ ನಿಲ್ಲುತ್ತದೆ, ಮತ್ತು ಬದುಕಿಕೊಳ್ಳುತ್ತದೆ.