ಉಪ್ಪುನೀರಿನ ಡಬ್ಬಿ

ಮುಚ್ಚಳ ತೆಗೆದು ಚಿಮಟದ ತುದಿಯಿಂದ ತಿವಿದರೆ ಹುಳ ಮೈ ತಿರುಚಿತು. ಇನ್ನೊಂದನ್ನು ಮುಟ್ಟಿದಳು, ಅದೂ ತಿರುಚಿತು. ಇಪ್ಪತ್ತರಲ್ಲಿ ಹತ್ತೊಂಬತ್ತು ಬೆಳ್ಳಗೆ, ದಪ್ಪಗೆ, ಸೊಂಪಾಗಿ ಹೊರಳಾಡುತ್ತಿದ್ದವು. ಸಾಯಬೇಕಾದವು ಐದನೇ ದಿನವೂ ಬದುಕಿದ್ದನ್ನು ಕಂಡು ಅವಳಿಗೆ ಅಸಹ್ಯವಾಯಿತು.

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಹುಳದಕ್ಕ ಎನ್ನುತ್ತಿದ್ದರು. ಐದು ವರ್ಷ ಮುಟ್ಟಿದರೂ ಆ ಮೆತ್ತನೆಯ ಮೈ ಅವಳಿಗೆ ಒಗ್ಗಿರಲಿಲ್ಲ. ಸತ್ತವು ಕಪ್ಪಾಗಿ, ಒಡೆದು, ರಸ ಸೋರಿದಾಗ ಬರುವ ವಾಸನೆ ತಲೆಗೂದಲಿಗೆ ಹತ್ತಿ ಮನೆಯವರೆಗೂ ಬರುತ್ತಿತ್ತು. ಅಮ್ಮ ಮೂಗು ಮುಚ್ಚಿಕೊಂಡೇ ಊಟ ಬಡಿಸುತ್ತಿದ್ದಳು. ಆದರೂ ಮಗಳು ಇದೇ ತಿಂಗಳು ಡಾಕ್ಟ್ರಮ್ಮ ಆಗ್ತಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಅವಳ ಪಿಎಚ್.ಡಿ. ಪ್ರಬಂಧವೆಲ್ಲ ನಿಂತದ್ದು ಒಂದೇ ಜೀನಿನ ಮೇಲೆ. ಆಸ್ಪತ್ರೆಯಲ್ಲಿ ಮಲಗಿದ ನಿತ್ರಾಣಿಗಳ ರಕ್ತಕ್ಕೆ ಇಳಿದು ಕೊಲ್ಲುವ ಯೀಸ್ಟ್ ಒಂದಿದೆ. ಅದರಿಂದ ಆ ಜೀನ್ ಕಿತ್ತುಹಾಕಿದರೆ ಯೀಸ್ಟ್ ಕೊಲ್ಲುವುದನ್ನೇ ಮರೆಯುತ್ತದೆ ಎಂದು ಹುಳಗಳಿಗೆ ಚುಚ್ಚಿ ತೋರಿಸಿದ್ದಳು. ಉಳಿದದ್ದು ಒಂದೇ ಪರೀಕ್ಷೆ: ಕಿತ್ತ ಜೀನನ್ನು ಮರಳಿ ಇಟ್ಟರೆ ಕೊಲ್ಲುವ ಗುಣವೂ ಮರಳಬೇಕು. ಮರಳದಿದ್ದರೆ ಜೀನ್ ಕೀಳುವಾಗ ಬೇರೇನೋ ಕೆಟ್ಟಿದೆ, ಆ ಜೀನಿಗೂ ಸಾವಿಗೂ ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲ ಎಂದರ್ಥ. ಹುಳಗಳು ಬದುಕಿದ್ದವು, ಗುಣ ಮರಳಿರಲಿಲ್ಲ. ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಅವಳ ಮಾರ್ಗದರ್ಶಕರಾದ ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ, ಬೀರುವಿನ ಕೆಳಗೆ ಹಳೆ ಹುಳಗಳ ಡಬ್ಬಿ ಇದೆಯಲ್ಲ ಎಂದರು.

"ಇನ್ನೊಂದ್ಸಲ ಮಾಡು. ಜೀನ್ ಮರಳಿ ಇಟ್ಟಿದ್ದಕ್ಕೆ ಮಾತ್ರ ಅದ್ರಲ್ಲಿರೋ ಹುಳ ತಗೊಳ್ಳಮ್ಮ. ಸೋಮವಾರ ಪ್ರಬಂಧಕ್ಕೆ ಸಹಿ ಹಾಕ್ಕೊಡ್ತೀನಿ."

ಅವಳಿಗೆ ಅರ್ಥವಾಯಿತು. ಅವು ಮೂರು ವಾರ ಹೊಟ್ಟೆಗಿಲ್ಲದೆ ಬೂದು ಬಣ್ಣಕ್ಕೆ ತಿರುಗಿದ ಹುಳಗಳು, ಏನು ಚುಚ್ಚಿದರೂ ಸಾಯುವಂಥವು. ಥೂ, ಇಂಥವರನ್ನು ದೊಡ್ಡವರೆಂದು ತಲೆ ಮೇಲೆ ಹೊತ್ತುಕೊಂಡಿದ್ದೆನಲ್ಲ ಅನ್ನಿಸಿತು. ಅನ್ನಿಸಿದ್ದೇನೋ ಸರಿ, ಬಾಯಿಂದ ಬಂದದ್ದು ಆಗಲಿ ಸರ್ ಎಂಬ ಮಾತು. ಹೇಳಿದ್ದಷ್ಟೇ ಅಲ್ಲ, ಮಾಡಿದಳೂ. ಒಂದೊಂದೇ ಜೋಲು ಹುಳವನ್ನೆತ್ತಿ ಹಿಂಗಾಲಿನ ಬುಡಕ್ಕೆ ಸೂಜಿ ಇಳಿಸಿದಳು.

ಸೋಮವಾರ ಬೆಳಿಗ್ಗೆ ನೋಡಿದರೆ ಇಪ್ಪತ್ತೂ ಕರ್ರಗೆ ಮೆತ್ತಗಾಗಿ ಡಬ್ಬಿಯ ತಳಕ್ಕೆ ಅಂಟಿದ್ದವು. ಹುಳ ಸಾಕುವ ಅಟೆಂಡರಮ್ಮ ಪಕ್ಕದ ಡಬ್ಬಿಯ ಮುಚ್ಚಳ ತೆಗೆದು ಮುಖ ಆಚೆ ತಿರುಗಿಸಿದಳು.

"ಇದಕ್ಕೇನ್ ಚುಚ್ಚಿದ್ರಿ ಅಕ್ಕ? ಇವೂ ಹೋಗಿವೆ."

ಅದು ಉಪ್ಪುನೀರಿನ ಡಬ್ಬಿ. ಸೂಜಿಯ ಪೆಟ್ಟಿಗೇ ಹುಳ ಸಾಯುವುದಿಲ್ಲ ಎಂದು ತೋರಿಸಲು, ಯೀಸ್ಟ್ ಇಲ್ಲದ ಬರೀ ಉಪ್ಪುನೀರು ಚುಚ್ಚಿ ಪ್ರತಿ ಸಲ ಪಕ್ಕದಲ್ಲಿ ಇಡುವಂಥದ್ದು. ಮೇಷ್ಟ್ರು ಹಳೆ ಹುಳ ಹಾಕಲು ಹೇಳಿದ್ದು ಒಂದೇ ಡಬ್ಬಿಗೆ. ಆದರೆ ಯೀಸ್ಟಿಗೆ ಯಾವ ಹುಳವೋ ಉಪ್ಪುನೀರಿಗೂ ಅದೇ ಹುಳ ಎಂಬುದು ಐದು ವರ್ಷದಿಂದ ಕೈಗೆ ಅಂಟಿದ ಪಾಠ. ಕಳ್ಳತನ ಮಾಡುವಾಗಲೂ ಅವಳ ಕೈ ಅದನ್ನು ಬಿಟ್ಟಿರಲಿಲ್ಲ. ಎಣಿಸಿದಳು. ಇಪ್ಪತ್ತರಲ್ಲಿ ಹದಿನೆಂಟು ಸತ್ತಿದ್ದವು.

ಮೇಷ್ಟ್ರು ಪ್ರಬಂಧದ ಸಹಿ ಪುಟ ಎದುರಿಗಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದರು. ಅವಳು ಹೇಳಿದ್ದನ್ನು ಕೇಳಿ ನಕ್ಕರು.

"ಉಪ್ಪುನೀರಿಗೆ ಸೊನ್ನೆ ಅಂತ ಬರಿ. ಹುಳದ ಹೆಣ ಎಣಿಸೋಕೆ ಯಾರು ಬರ್ತಾರೆ?"

ಆ ನಗು ಕಂಡು ಅವಳಿಗೆ ಹೇಸಿಗೆಯಾಯಿತು. ಸೊನ್ನೆ ಬರೆಯಲು ಆಗಲೇ ಪೆನ್ನು ಹಿಡಿದಿದ್ದ ತನ್ನ ಬೆರಳು ಕಂಡು ಇನ್ನೂ ಹೆಚ್ಚು ಹೇಸಿಗೆಯಾಯಿತು.

"ನಾನು ಎಣಿಸಿದೀನಿ, ಸರ್."

ದಾಖಲೆ ಪುಸ್ತಕದಲ್ಲಿ ಉಪ್ಪುನೀರಿನ ಎದುರು ಹದಿನೆಂಟು ಎಂದು ಬರೆದಳು. ಎರಡೂ ಡಬ್ಬಿಗೆ ಹಾಕಿದ್ದು ಹಳೆಯ ಹುಳ ಎಂದು ಕೆಳಗೆ ಸೇರಿಸಿ, ತನ್ನ ಸಹಿ ಮಾಡಿ, ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ ಇಟ್ಟಳು.

ಮೇಷ್ಟ್ರು ಎರಡು ಸಲ ಓದಿದರು. ಪೆನ್ನಿಗೆ ಮುಚ್ಚಳ ಹಾಕಿದರು. ಖಾಲಿ ಸಹಿ ಪುಟವನ್ನು ಡ್ರಾಯರಿಗೆ ಸೇರಿಸಿ, ಮೊಣಕಾಲಿನಿಂದ ದೂಡಿ ಮುಚ್ಚಿದರು. ಅವಳು ಮೂಲೆಯ ನಲ್ಲಿಯ ಬಳಿ ಹೋಗಿ ಮೊಣಕೈವರೆಗೂ ಸೋಪು ಹಚ್ಚತೊಡಗಿದಳು.